ಕೆ.ಜಿ.ಗೆ 14 ರೂಪಾಯಿಯಂತೆ ಹೋದ ಮನೆಪತ್ರ

ಮನೆ ಮಾರಲು ಹೊರಟವರು, ಅದರಲ್ಲೂ ಅಪ್ಪ ಅಮ್ಮ ಕಟ್ಟಿಸಿದ ಹಳೆಯ ಮನೆ ಮಾರಲು ಹೊರಟವರು, ಇದನ್ನು ಓದಿ ಆಮೇಲೆ ಅಟ್ಟಕ್ಕೆ ಏಣಿ ಹಾಕಿ. ನಾವು ಆ ಏಣಿಯನ್ನು ಬೇರೆಯವರ ಕೈಗೆ ಕೊಟ್ಟೆವು. ಜೊತೆಗೆ 1,85,000 ರೂಪಾಯಿಯನ್ನೂ ಕೊಟ್ಟೆವು.

ಮನೆ ಇದ್ದದ್ದು ಮೈಸೂರಿನ ಕುವೆಂಪುನಗರದಲ್ಲಿ. ಅಮ್ಮ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ನಿವೇಶನ ಅವರ ಹೆಸರಿಗೆ 1981ರಲ್ಲಿ ಹಂಚಿಕೆಯಾಗಿತ್ತು. ಆಗ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಇರಲಿಲ್ಲ. ನಿವೇಶನ ಹಂಚಲು ಅದಕ್ಕಿಂತ ಹಿಂದಿನ ಸಂಸ್ಥೆಯಾದ ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಇತ್ತು. ಮೊದಲು ಹಂಚಿಕೆ ಪತ್ರ, ಆಮೇಲೆ ಲೀಸ್ ಕಮ್ ಸೇಲ್ ಕರಾರು (ಮೊದಲು ಗುತ್ತಿಗೆ, ಆಮೇಲೆ ಮಾರಾಟ ಎಂಬ ಒಪ್ಪಂದ), ಸ್ವಾಧೀನ ಪತ್ರ, ಹತ್ತು ವರ್ಷ ಕಳೆದ ಮೇಲೆ ಪೂರ್ಣ ಒಡೆತನ ಕೊಡುವ ಶುದ್ಧ ಕ್ರಯಪತ್ರ. ಕ್ರಯಪತ್ರ ಕೈಗೆ ಬರುವ ಹೊತ್ತಿಗೆ, ಅಂದರೆ 1992ಕ್ಕೆ, ಸಿಐಟಿಬಿ ಹೋಗಿ ಮುಡಾ ಬಂದು ನಾಲ್ಕು ವರ್ಷವಾಗಿತ್ತು. ಹಾಗಾಗಿ ಒಂದೇ ನಿವೇಶನದ ಕಾಗದಗಳ ಮೇಲೆ ಎರಡು ಸಂಸ್ಥೆಗಳ ಮೊಹರು. ಈ ವಿವರ ಈಗ ಬೇಸರ ತರಿಸಬಹುದು, ಮುಂದೆ ಬೇಕಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೆಂಗಳೂರಿಗೆ ನನ್ನ ಜೊತೆ ಇರಲು ಬಂದರು. ಮನೆ ಮಾರಲು ಒಪ್ಪಿದರು. ನಾಲ್ಕು ತಿಂಗಳಲ್ಲಿ ಹನ್ನೊಂದು ಮಂದಿ ಬಂದು ನೋಡಿ, "ಹೇಳುತ್ತೇವೆ" ಎಂದು ಹೋದರು. ದಲ್ಲಾಳಿ ಒಂದು ದಿನ ಸ್ವಲ್ಪ ಸಂಕೋಚದಿಂದಲೇ ಹೇಳಿದ: "ಸಾರ್, ಆ ಮನೆಯಲ್ಲಿ ಇನ್ನೂ ನಿಮ್ಮ ತಂದೆಯವರೇ ಇದ್ದಾರೆ. ಕೊಳ್ಳುವವರಿಗೆ ಕಾಲಿಡಲು ಜಾಗ ಕಾಣುತ್ತಿಲ್ಲ."

ಅವನ ಮಾತು ಸುಳ್ಳಾಗಿರಲಿಲ್ಲ. ನಡುಮನೆಯಲ್ಲಿ ಎರಡು ಬೀರು, ಒಂದು ದಿವಾನ, ಮುರಿದ ಹೊಲಿಗೆ ಯಂತ್ರ, ಗೋಡೆ ತುಂಬ ಮೂರು ತಲೆಮಾರಿನ ಫೋಟೋ. ಅಡುಗೆಮನೆಯ ಮೊಳೆಗೆ ನೇತು ಹಾಕಿದ ಕೊಕ್ಕೆ ತಂತಿ, ಅದರಲ್ಲಿ ಚುಚ್ಚಿದ ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಕಂದಾಯದ ರಸೀದಿ, ಮೊಳದುದ್ದ. ಖಾಲಿ ಮಾಡಲೇಬೇಕಿತ್ತು. ಅದನ್ನು ಯಾರ ಕೈಯಲ್ಲಿ ಮಾಡಿಸಿದೆ ಎಂಬುದೇ ನನ್ನ ತಪ್ಪು.

ದಲ್ಲಾಳಿಗೆ ಪರಿಚಯವಿದ್ದ ಬೆಂಗಳೂರಿನ ಒಂದು ಸಂಸ್ಥೆ ಬಂತು. ಬೇಡದ ಸಾಮಾನು ಹೊರಗೆ, ಸುಣ್ಣ ಬಣ್ಣ, 45 ದಿನ ಬಾಡಿಗೆಯ ಸೋಫಾ, ಗಿಡ, ದೀಪ, ಕೊನೆಗೆ ಫೋಟೋ: ಎಲ್ಲ ಒಂದೇ ಪ್ಯಾಕೇಜು. ಅಮ್ಮನನ್ನು ನಾನು ಕರೆದುಕೊಂಡು ಹೋಗಲಿಲ್ಲ. ಸಾಮಾನು ಹೊರಗೆ ಹೋಗುವುದನ್ನು ನೋಡಿ ನೊಂದುಕೊಳ್ಳುತ್ತಾರೆ ಎಂದುಕೊಂಡೆ. ಆ ಮನೆಯಲ್ಲಿ ಎಲ್ಲಿ ಏನಿದೆ ಎಂದು ಬಲ್ಲ ಏಕೈಕ ಜೀವವನ್ನು ದಯೆ ತೋರಿಸಿ ಬೆಂಗಳೂರಿನಲ್ಲಿ ಕೂರಿಸಿದೆ.

ನಾಲ್ವರು ಹುಡುಗರು ಬಂದರು. ಕೈಯಲ್ಲಿ ಹಸಿರು, ಕೆಂಪು ಸ್ಟಿಕ್ಕರ್. ಹಸಿರು ಅಂಟಿಸಿದ್ದು ಉಳಿಯುತ್ತದೆ, ಕೆಂಪು ಅಂಟಿಸಿದ್ದು ಹೋಗುತ್ತದೆ. ಒಂದು ವರ್ಷ ಮುಟ್ಟದ ವಸ್ತು ಯಾವುದಿದ್ದರೂ ಕೆಂಪು, ಇದು ಅವರ ಸೂತ್ರ. ಮುಖ್ಯವಾದ ಕಾಗದ ಪತ್ರಗಳನ್ನು ಮೊದಲೇ ಎತ್ತಿಟ್ಟುಕೊಳ್ಳಿ ಎಂದೂ ಹೇಳಿದರು, ಅದನ್ನು ನಾನು ಮುಚ್ಚಿಡುವುದಿಲ್ಲ. ಬೀರುವಿನಲ್ಲಿ ದಪ್ಪನೆಯ ಹಸಿರು ಫೈಲು ಇತ್ತು, ಬೆನ್ನಿನ ಮೇಲೆ ಅಪ್ಪನ ಗುಂಡು ಅಕ್ಷರದಲ್ಲಿ "ಮನೆ" ಎಂದಿತ್ತು. ಅದನ್ನು ಕಾರಿನಲ್ಲಿಟ್ಟು ನಿಶ್ಚಿಂತನಾದೆ. ಬಿಚ್ಚಿ ನೋಡಲಿಲ್ಲ.

ಆಮೇಲೆ ಜಗುಲಿಯಲ್ಲಿ ಕುಳಿತು ಕಚೇರಿಯ ಮೀಟಿಂಗಿಗೆ ಸೇರಿಕೊಂಡೆ. ಅವರು ಒಳಗಿನಿಂದಲೇ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸುತ್ತಿದ್ದರು, ನಾನು ಹೆಬ್ಬೆರಳಿನ ಚಿಹ್ನೆ ಒತ್ತುತ್ತಿದ್ದೆ. ಮುರಿದ ಕುರ್ಚಿ, ಹೆಬ್ಬೆರಳು. ಹಳೆಯ ಹಾಸಿಗೆ, ಹೆಬ್ಬೆರಳು. ಅಟ್ಟದ ಮೇಲಿನ ಟ್ರಂಕು, ಅದರ ತುಂಬ ಹಳದಿಗಟ್ಟಿದ ಪಂಚಾಂಗಗಳು, ಹೆಬ್ಬೆರಳು.

ಆ ಫೋಟೋ ಈಗಲೂ ನನ್ನ ಮೊಬೈಲಿನಲ್ಲಿದೆ. ದೊಡ್ಡದು ಮಾಡಿ ನೋಡಿದರೆ ಪಂಚಾಂಗದ ಕಟ್ಟಿನ ಕೆಳಗೆ ಒಂದು ಪ್ಲಾಸ್ಟಿಕ್ ಕವರಿನ ತುದಿ ಕಾಣುತ್ತದೆ. ನೀಲಿ ಬಣ್ಣದ್ದು, ಯಾವುದೋ ಸೀರೆ ಅಂಗಡಿಯದು.

ಕೆಲಸ ಮುಗಿದ ಮೇಲೆ ಮನೆ ನಿಜಕ್ಕೂ ಚೆನ್ನಾಗಿಯೇ ಕಂಡಿತು. ಸ್ವಲ್ಪ ಹೊತ್ತು ಹೆಮ್ಮೆಯೂ ಆಯಿತು. ದೇವರ ಮನೆಯ ಬಾಗಿಲು ತೆಗೆದಾಗ ಮಾತ್ರ ನಗು ತಡೆಯಲಾಗಲಿಲ್ಲ. ಪಟಗಳು, ಮಂಟಪ, ಗೋಡೆಗೆ ಹತ್ತಿದ್ದ ಎಣ್ಣೆಯ ಜಿಡ್ಡು ಎಲ್ಲ ಮಾಯವಾಗಿ, ಆ ಜಾಗದಲ್ಲಿ ಬಿಳಿ ಕಲ್ಲುಗಳ ಮಧ್ಯೆ ಒಬ್ಬ ಬುದ್ಧ ಕುಳಿತಿದ್ದ, ಪಕ್ಕದಲ್ಲಿ ಸುವಾಸನೆಯ ಹಬೆ ಬಿಡುವ ಯಂತ್ರ. ಮನೆಯವರ ಗುರುತು ಎಲ್ಲಿಯೂ ಉಳಿಯಬಾರದಂತೆ, ಆಗ ಕೊಳ್ಳುವವರು ತಮ್ಮನ್ನೇ ಅಲ್ಲಿ ಕಲ್ಪಿಸಿಕೊಳ್ಳುತ್ತಾರಂತೆ. ಮೈಸೂರಿನಲ್ಲಿ ಮನೆ ನೋಡಲು ಬರುವವರು ಕಲ್ಪಿಸಿಕೊಳ್ಳುವ ಮೊದಲನೆಯ ಸಂಗತಿಯೇ ದೇವರ ಮನೆ ಎಂದು ಅವರಿಗೆ ಹೇಳುವವರು ಯಾರು? ನೋಡಲು ಬಂದ ಮೂವರು ಗೃಹಿಣಿಯರೂ ಆ ಬುದ್ಧನ ಎದುರೇ ನಿಂತು, "ದೇವರ ಮನೆ ಎಲ್ಲಿ ಮಾಡಿದ್ದೀರಿ?" ಎಂದು ಕೇಳಿದರು. ನಡುಮನೆಯ ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೂ ಮರದಂತೆ ಕಾಣುವ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ನಲವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿದ್ದ ನೆಲ ಅದು.

ಗೋಡೆಯ ವಿಷಯಕ್ಕೆ ಬರುತ್ತೇನೆ. ಬಚ್ಚಲಿಗೆ ಅಂಟಿದ ಗೋಡೆಯಲ್ಲಿ ಹಿಂದಿನಿಂದಲೂ ತೇವ. ಪ್ರತಿ ಮಳೆಗಾಲದಲ್ಲಿ ಬಿಳಿ ಉಪ್ಪು ಎದ್ದು ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ನನಗೆ ಗೊತ್ತಿತ್ತು, ಅವರಿಗೂ ಹೇಳಿದೆ. ಪೈಪು ಸರಿ ಮಾಡಿ, ಗೋಡೆ ಒಣಗಿಸಿ ಬಣ್ಣ ಹಚ್ಚಲು ವಾರಗಳು ಬೇಕು ಎಂದು, ಜುಲೈ ತಿಂಗಳ ಮಳೆಯಲ್ಲೇ ಹಸಿ ಗೋಡೆಯ ಮೇಲೆ ಪುಟ್ಟಿ ಎಳೆದು ಎರಡು ಕೈ ಬಣ್ಣ ಹೊಡೆದರು. ಎದುರಿಗೆ ಆಳೆತ್ತರದ ಕನ್ನಡಿ ಒರಗಿಸಿದರು. ನಾನು ಸುಮ್ಮನಿದ್ದೆ. ಇದಕ್ಕೆ ನೆಪ ಹುಡುಕುವುದಿಲ್ಲ.

ಆಗಸ್ಟ್‌ನಲ್ಲಿ ಒಂದು ಕುಟುಂಬ ಬಂತು. ಗಂಡ ಹೆಂಡತಿ ಅಡುಗೆಮನೆ ನೋಡುತ್ತಿದ್ದರು. ಜೊತೆಗೆ ಬಂದಿದ್ದ ಹಿರಿಯರೊಬ್ಬರು ಕನ್ನಡಿಯ ಹಿಂದಕ್ಕೆ ಕೈ ತೂರಿಸಿ, ಅಂಗೈಯನ್ನು ಗೋಡೆಯ ಮೇಲಿಟ್ಟು, ವೈದ್ಯರು ನಾಡಿ ಹಿಡಿದಂತೆ ಕಣ್ಣು ಮುಚ್ಚಿ ನಿಂತರು. ಆಮೇಲೆ ಅಂಗೈಯನ್ನು ಮೂಸಿ ನೋಡಿದರು. "ಗೋಡೆಗೆ ಶೀತವಾಗಿದೆಯಲ್ಲಪ್ಪ" ಎಂದು ನನ್ನ ಮುಖ ನೋಡಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ರಿಪೇರಿಗೆ ಎಪ್ಪತ್ತು ಸಾವಿರ ಆಗುತ್ತಿತ್ತೇನೋ, ಅವರು ನಾಲ್ಕು ಲಕ್ಷ ಇಳಿಸಿದರು. ಗೋಡೆಯನ್ನೇ ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟಿದ್ದಾರೋ ಎಂಬ ಅನುಮಾನದ ಬೆಲೆ ಅದು. ಕಾನೂನೂ ಅವರ ಕಡೆಗೇ ಇದೆ: ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಪತ್ತೆ ಮಾಡಲಾಗದ, ಆದರೆ ಮಾರುವವರಿಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರೇ ತಿಳಿಸಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಂ ಹೇಳುತ್ತದೆ. ಕನ್ನಡಿ ಇಟ್ಟು ಮುಚ್ಚುವುದು ಸಿಂಗಾರವಲ್ಲ.

ಆದರೂ ಒಪ್ಪಂದವಾಯಿತು, ಎರಡು ಲಕ್ಷ ಮುಂಗಡ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಅವರ ಬ್ಯಾಂಕಿನ ವಕೀಲರು ಮೂಲಪತ್ರ ಕೇಳಿದರು. ಹಸಿರು ಫೈಲು ಬಿಚ್ಚಿದೆ. ಒಳಗೆ ಮನೆಯ ನಕ್ಷೆ, ಇಟ್ಟಿಗೆಯ ಲೆಕ್ಕ, 1983ರ ಸಿಮೆಂಟ್ ಪರ್ಮಿಟ್ಟುಗಳು, ಗಾರೆ ಕೆಲಸದವರಿಗೆ ವಾರ ವಾರ ಕೊಟ್ಟ ಬಟವಾಡೆಯ ಚೀಟಿಗಳು. ಮನೆ ಹೇಗೆ ಕಟ್ಟಿದರು ಎಂಬುದೆಲ್ಲ ಇತ್ತು, ಮನೆ ಯಾರದು ಎಂಬುದು ಇರಲಿಲ್ಲ.

ಅಮ್ಮನನ್ನು ಕೇಳಿದೆ. "ಟ್ರಂಕಿನಲ್ಲಿ, ಪಂಚಾಂಗದ ಕೆಳಗೆ" ಎಂದರು, ಅದರಲ್ಲಿ ಕೇಳುವುದೇನಿದೆ ಎಂಬಂತೆ. ಕಳ್ಳ ಬಂದರೆ ಬೀರು ಒಡೆಯುತ್ತಾನೆಯೇ ಹೊರತು ಪಂಚಾಂಗ ಓದುತ್ತಾ ಕೂರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರಂತೆ. ಅಪ್ಪನ ಲೆಕ್ಕ ಸರಿಯಾಗಿಯೇ ಇತ್ತು. ಕಳ್ಳರ ಕೈಗೆ ಅದು ಸಿಗಲಿಲ್ಲ.

ಸಂಸ್ಥೆ ಕೊಟ್ಟ ಚೀಟಿಯಲ್ಲಿ ಹೀಗಿತ್ತು: ರದ್ದಿ ಕಾಗದ 27 ಕೆ.ಜಿ., ಕೆ.ಜಿ.ಗೆ 14 ರೂಪಾಯಿಯಂತೆ 378 ರೂಪಾಯಿ. ನಮ್ಮ ಪತ್ರಗಳೆಲ್ಲ ಸೇರಿ ಕಾಲು ಕೆ.ಜಿ. ಇದ್ದಿರಬಹುದು, ಮೂರೂವರೆ ರೂಪಾಯಿ. ಗುಜರಿ ಅಂಗಡಿ ಹುಡುಕಿಕೊಂಡು ಹೋದೆ. ಅಂಗಡಿಯವರು ಕುರ್ಚಿ ಕೊಟ್ಟು, ಚಹಾ ತರಿಸಿ, ಆ ಲೋಡು ನಂಜನಗೂಡಿನ ಕಾಗದದ ಕಾರ್ಖಾನೆಗೆ ಹೋಗಿ ತಿಂಗಳ ಮೇಲಾಯಿತು ಎಂದರು. ಅಷ್ಟು ಹೊತ್ತಿಗೆ ಅದು ರಟ್ಟಿನ ಪೆಟ್ಟಿಗೆಯಾಗಿರಬೇಕು.

ಅದೇ ಚೀಟಿಯಲ್ಲಿ ಇನ್ನೊಂದು ಸಾಲು ಇತ್ತು: "ಲೋಹ, 3,200 ರೂಪಾಯಿ." ತೂಕ ಬರೆದಿರಲಿಲ್ಲ. ಅಮ್ಮನ ತಾಮ್ರದ ಹಂಡೆ, ಎರಡು ಹಿತ್ತಾಳೆ ಕೊಳಗ, ಕಂಚಿನ ತಂಬಿಗೆಗಳು ಆ ಒಂದು ಶಬ್ದದಲ್ಲಿ ಕರಗಿಹೋಗಿದ್ದವು. ಹಂಡೆ ಒಂದೇ ಹತ್ತು ಕೆ.ಜಿ.ಗೆ ಕಡಿಮೆಯಿರಲಿಲ್ಲ, ಗುಜರಿ ತಾಮ್ರದ ದರ ಯಾರನ್ನು ಬೇಕಾದರೂ ಕೇಳಿ. ಸಂಸ್ಥೆಯವರನ್ನು ಕೇಳಿದರೆ, ಕರಾರಿನ ಕೊನೆಯ ಪುಟ ತೋರಿಸಿದರು. ಗ್ರಾಹಕರು ಒಪ್ಪಿಗೆ ಕೊಟ್ಟು ವಿಲೇವಾರಿಯಾದ ವಸ್ತುಗಳಿಗೆ ಸಂಸ್ಥೆ ಹೊಣೆಯಲ್ಲ. ಒಪ್ಪಿಗೆ ಎಂದರೆ ನನ್ನ ಹೆಬ್ಬೆರಳುಗಳು, ಎಲ್ಲವನ್ನೂ ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು.

ಮೂಲಪತ್ರ ಕಳೆದರೆ ಆಸ್ತಿ ಕಳೆಯುವುದಿಲ್ಲ, ಇದನ್ನು ನನ್ನಂತೆ ಗಾಬರಿಯಾದವರಿಗೆ ಹೇಳಬೇಕು. ಆದರೆ ಗೃಹಸಾಲ ಕೊಡುವ ಬ್ಯಾಂಕು ಹಕ್ಕುಪತ್ರಗಳನ್ನು ಒತ್ತೆ ಇಟ್ಟುಕೊಂಡೇ ಸಾಲ ಕೊಡುವುದರಿಂದ, ಅವಿಲ್ಲದೆ ಕೊಳ್ಳುವವರ ಸಾಲ ಅಲ್ಲೇ ನಿಲ್ಲುತ್ತದೆ. ನಾವು ಮೊದಲು, ಕಳೆದುಹೋದ ವಸ್ತುಗಳ ಬಗ್ಗೆ ಆನ್‌ಲೈನ್‌ನಲ್ಲಿ ದೂರು ಕೊಡುವ ರಾಜ್ಯ ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು ದಾಖಲಿಸಿದೆವು. ಕನ್ನಡದ ಒಂದು, ಇಂಗ್ಲಿಷಿನ ಒಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ ಕಾದೆವು. ಅಮ್ಮನಿಂದ ನೋಟರಿ ಎದುರು ಪ್ರಮಾಣಪತ್ರ ಮಾಡಿಸಿದೆವು. ಆಮೇಲೆ ಉಪನೋಂದಣಾಧಿಕಾರಿ ಕಚೇರಿಗೆ. ಕ್ರಯಪತ್ರದ ದೃಢೀಕೃತ ನಕಲು ಬೇಕೆಂದರೆ ದಸ್ತಾವೇಜಿನ ಸಂಖ್ಯೆ, ವರ್ಷ ಹೇಳಬೇಕು. ನಮ್ಮಲ್ಲಿ ಒಂದು ಜೆರಾಕ್ಸ್ ಕೂಡ ಇರಲಿಲ್ಲ. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿಯಾದ ಋಣಭಾರ ಪತ್ರ ನಮಗೆ ಆನ್‌ಲೈನ್‌ನಲ್ಲಿ ಸಿಗುತ್ತಿದ್ದದ್ದು 2004ರ ಏಪ್ರಿಲ್‌ನಿಂದ ಈಚಿನದು. ನಮ್ಮದು ಅದಕ್ಕಿಂತ ಹಳೆಯದಾದ್ದರಿಂದ ಕಚೇರಿಯಲ್ಲೇ ಹುಡುಕಿಸಿ, ಸಂಖ್ಯೆ ಪತ್ತೆ ಮಾಡಿ, ನಕಲಿಗೆ ಅರ್ಜಿ ಹಾಕಿದೆವು. ಹಂಚಿಕೆ ಪತ್ರ, ಸ್ವಾಧೀನ ಪತ್ರಗಳು ನೋಂದಣಿಯಾಗುವ ಕಾಗದಗಳೇ ಅಲ್ಲ, ಅವು ಉಪನೋಂದಣಾಧಿಕಾರಿಯ ಬಳಿ ಇರುವುದಿಲ್ಲ. ಅವುಗಳಿಗಾಗಿ ಪ್ರಾಧಿಕಾರಕ್ಕೆ ಬೇರೆ ಅರ್ಜಿ, ಸಿಐಟಿಬಿ ಕಾಲದ ಕಡತ. ಎಲ್ಲ ಕೈಗೆ ಬರುವಷ್ಟರಲ್ಲಿ ಡಿಸೆಂಬರ್. ಕೊಕ್ಕೆ ತಂತಿಯೊಂದು ಉಳಿದಿದ್ದರೂ ಕಂದಾಯದ ಹಳೆಯ ರಸೀದಿಗಳಿಗೆ ಅಲೆಯುವುದು ತಪ್ಪುತ್ತಿತ್ತು, ಆಸ್ತಿಯ ಡಿಜಿಟಲ್ ದಾಖಲೆಯಾದ ಇ-ಖಾತೆ ಮಾಡಿಸುವಾಗ ಅದೂ ನೆನಪಾಯಿತು.

ಆ ಕುಟುಂಬ ಅಷ್ಟು ಕಾಯಲಿಲ್ಲ, ಮುಂಗಡ ವಾಪಸ್ ಪಡೆದು ಹೋಯಿತು. ಬಾಡಿಗೆಯ ಸೋಫಾವೂ ಬುದ್ಧನೂ 45 ದಿನಕ್ಕೇ ಹೋಗಿಯಾಗಿತ್ತು.

ಡಿಸೆಂಬರ್ ಕೊನೆಗೆ ಅಮ್ಮನನ್ನು ಕರೆದುಕೊಂಡು ಹೋದೆ. ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಡುಮನೆಯಲ್ಲಿ ಕುಳಿತರು. ಎರಡು ದಿನದಲ್ಲಿ ಉಳಿದ ಸಾಮಾನು ಯಾವುದು ಯಾರಿಗೆ ಎಂದು ತೀರ್ಮಾನ ಮಾಡಿದರು. ಅತ್ತದ್ದು ಒಂದೇ ಸಲ, ಅದೂ ಹಂಡೆಗೆ. ನೆಲದ ಪ್ಲಾಸ್ಟಿಕ್ ಹಾಳೆ ಕಿತ್ತುಹಾಕಿಸಿದರು. ದೇವರ ಮನೆಯಲ್ಲಿ ಒಂದು ದೀಪ ಇಟ್ಟರು. ಪೈಪು ಬದಲಿಸಿ, ಬಚ್ಚಲ ಗೋಡೆಯ ಗಾರೆಯನ್ನು ಅರ್ಧ ಗೋಡೆಯವರೆಗೆ ಕೆತ್ತಿಸಿ, ಒಣಗಲು ಬಿಟ್ಟೆವು. ಬಣ್ಣ ಹಚ್ಚಲೇ ಇಲ್ಲ. ಜನವರಿಯಲ್ಲಿ ಬಂದವರಿಗೆ ಆ ಬೋಳು ಗೋಡೆಯನ್ನೇ ಮೊದಲು ತೋರಿಸಿದೆ. ಅವರು ನೋಡಿದ್ದು ಕೆಂಪು ನೆಲವನ್ನು. ಆ ಮನೆಯಾಕೆ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಎರಡು ಸಲ ಓಡಾಡಿದರು. ಅವರ ಬ್ಯಾಂಕು ದೃಢೀಕೃತ ನಕಲುಗಳ ಜೊತೆ ಮುಂದೆ ನಷ್ಟವಾದರೆ ತುಂಬಿಕೊಡುತ್ತೇವೆ ಎಂಬ ನಷ್ಟಭರ್ತಿ ಮುಚ್ಚಳಿಕೆ ಬರೆಸಿಕೊಂಡು ಸಾಲ ಕೊಟ್ಟಿತು. ಮಾರ್ಚ್‌ನಲ್ಲಿ ನೋಂದಣಿಯಾಯಿತು.

ಸಂಸ್ಥೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಆದರೆ ಅಂಥವರ ಜಾಹೀರಾತು ನೋಡುವಾಗ ಸ್ವಲ್ಪ ಕಣ್ಣಿಟ್ಟು ನೋಡಿ. "45 ದಿನದಲ್ಲಿ ಮಾರಾಟ" ಎಂದು ಹೆಮ್ಮೆಯಿಂದ ಹಾಕಿಕೊಂಡಿರುವ ಮನೆಗಳಲ್ಲಿ ಒಂದು ನಮ್ಮದು. ಬಿಳಿ ಕಲ್ಲುಗಳ ಮಧ್ಯೆ ಬುದ್ಧ ಕುಳಿತಿರುವ ಕಿರುಕೋಣೆಯ ಹೊಸ್ತಿಲಲ್ಲಿ ಅರಿಶಿನದ ಕಲೆ ಹಾಗೆಯೇ ಕಾಣುತ್ತದೆ, ಎಷ್ಟು ತಿಕ್ಕಿದರೂ ಅವರಿಗೆ ಅದನ್ನು ತೆಗೆಯಲಾಗಲಿಲ್ಲ.