ಉಲ್ಲಾಳದ ಡ್ಯೂಪ್ಲೆಕ್ಸ್, ತಲಘಟ್ಟಪುರದ ಫ್ಲಾಟ್: ಎರಡು ಹೊಸ ಮನೆ, ಒಂದೇ ಸೋರಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ಲಾಟಿಗೆ. ಅಮ್ಮನ ಎದುರಿಗೆ ಈ ಮಾತಾಡುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ. ಹಾಸನದ ಹೆಂಚಿನ ಮನೆಯಲ್ಲಿ ಆಯಸ್ಸು ಕಳೆದವರು, ಐದನೇ ಮಹಡಿಯ ಎರಡು ರೂಮನ್ನು ಮನೆ ಅಂತ ಒಪ್ಪುವುದಿಲ್ಲ. 'ಕಾಲ ಕೆಳಗೆ ಸ್ವಂತ ನೆಲ ಇರಬೇಕು ಕಣೋ' ಅನ್ನುವ ಅವರ ಮಾತಿಗೇ 2019ರಲ್ಲಿ ಬೆಂಗಳೂರಿನ ಉಲ್ಲಾಳದ ಕಡೆ 20x30 ಅಡಿ ಸೈಟಿನಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ ಎರಡಂತಸ್ತಿನ ಡ್ಯೂಪ್ಲೆಕ್ಸ್ ಮನೆ ತಗೊಂಡೆ, 72 ಲಕ್ಷಕ್ಕೆ. ನಾಲ್ಕು ವರ್ಷ ಇದ್ದು, ಮಾರಿ, 2023ರಲ್ಲಿ ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ 86 ಲಕ್ಷಕ್ಕೆ ಫ್ಲಾಟ್ ತಗೊಂಡೆ. ಎರಡೂ ಹೊಚ್ಚ ಹೊಸ ಮನೆ. ಎರಡೂ ಸೋರಿದವು.

ಡ್ಯೂಪ್ಲೆಕ್ಸ್‌ನಲ್ಲಿ ಗೃಹಪ್ರವೇಶ ಆಗಿದ್ದು ಮಾರ್ಚ್‌ನಲ್ಲಿ. ಕನ್ನಡಿಯಂಥ ಗೋಡೆ, ತೇಗದ ಬಾಗಿಲು, ದೇವರ ಕೋಣೆಗೆ ಗಂಟೆ ಕೆತ್ತಿದ ಕದ. ಆಗಸ್ಟ್ ಹೊತ್ತಿಗೆ ಅದೇ ದೇವರ ಕೋಣೆಯ ಗೋಡೆಯಲ್ಲಿ, ಅಂಗೈಯಗಲ, ಬಣ್ಣದಡಿಯ ಪುಟ್ಟಿ ಹಪ್ಪಳದ ಹಾಗೆ ಉಬ್ಬಿತು. ಬೆರಳಲ್ಲಿ ಒತ್ತಿದರೆ ಒಳಗೆ ಮೆತ್ತಗೆ. ಮೇಲುಗಡೆ ಮೊದಲ ಮಹಡಿಯ ಬಾತ್‌ರೂಮು. ಅಮ್ಮನಿಗೆ ಸೋರಿಕೆಗಿಂತ, ಸೋರುತ್ತಿರುವುದು ಬಚ್ಚಲ ನೀರು ಅನ್ನುವುದೇ ದೊಡ್ಡ ಆಘಾತ. ದೇವರನ್ನೆಲ್ಲ ಎತ್ತಿ ಅಡುಗೆಮನೆಯ ಶೆಲ್ಫಿಗೆ ಸಾಗಿಸಿದರು.

ಮನೆ ಮಾರಿದಾತನಿಗೆ ಫೋನ್ ಮಾಡಿದೆ. 'ಹೊಸಾ ಮನೆ ಸಾರ್, ಒಂದು ಮಳೆಗಾಲ ಹೋದ್ರೆ ಸೆಟ್ ಆಗುತ್ತೆ' ಅಂದ. ಮಳೆಗಾಲ ಹೋಯಿತು. ಆಮೇಲೆ ಆತ ಫೋನ್ ಎತ್ತುವುದನ್ನೇ ಬಿಟ್ಟ. ಮೊದಲು ಬಂದ ಪ್ಲಂಬರ್ ಪೈಪ್ ಜಾಯಿಂಟ್ ಅಂತ ಗೋಡೆ ಒಡೆದ, 9 ಸಾವಿರ. ಎರಡನೆಯವನು ಟೈಲ್ಸ್ ಸಂದಿಗೆಲ್ಲ ಗ್ರೌಟ್ ತುಂಬಿದ, 6 ಸಾವಿರ. ಉಬ್ಬು ಅಂಗೈಯಿಂದ ಊಟದ ತಟ್ಟೆಯಷ್ಟಾಯಿತು.

ಕೊನೆಗೆ ಸಿಕ್ಕಿದ್ದು ವಯಸ್ಸಾದ ಒಬ್ಬ ಮೇಸ್ತ್ರಿ. ಅವರು ಉಳಿ ಸುತ್ತಿಗೆ ಮುಟ್ಟಲೇ ಇಲ್ಲ. ನೀರು ಹೋಗುವ ಜಾಲಿಯ ಬಾಯಿಗೆ ಹಳೇ ಬಟ್ಟೆ ತುರುಕಿ, ಬಾಗಿಲಿಗೆ ಅಡ್ಡಲಾಗಿ ಸಿಮೆಂಟಿನ ಕಟ್ಟೆ ಕಟ್ಟಿ, ಎರಡಿಂಚು ನೀರು ನಿಲ್ಲಿಸಿದರು. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, 'ನಾಳೆ ಬತ್ತೀನಿ, ಅಲ್ಲೀಗಂಟ ಯಾರೂ ನಲ್ಲಿ ತಿರುಗಿಸಬೇಡಿ' ಅಂತ ಹೊರಟೇಬಿಟ್ಟರು. ಮಾರನೇ ಬೆಳಿಗ್ಗೆ ನೀರು ಗೆರೆಯಿಂದ ಅರ್ಧ ಬೆರಳು ಕೆಳಗಿತ್ತು. ಪೈಪಿಗೆ ಹೋಗಲು ದಾರಿಯಿಲ್ಲ, ಅಂದಮೇಲೆ ನೆಲವೇ ಕುಡಿದಿದೆ. ಟೈಲ್ಸ್ ಎಬ್ಬಿಸಿದಾಗ ನೋಡಿದೆ: ಬಾತ್‌ರೂಮಿಗೆಂದು ತಗ್ಗಿಸಿದ ಸ್ಲ್ಯಾಬಿನ ಗುಂಡಿಗೆ ವಾಟರ್‌ಪ್ರೂಫಿಂಗ್ ಹೆಸರಲ್ಲಿ ಒಂದು ಕೋಟ್ ಕೂಡ ಹೊಡೆದಿರಲಿಲ್ಲ. ಒಡೆದ ಇಟ್ಟಿಗೆ, ಪ್ಲಾಸ್ಟರಿಂಗ್‌ನಲ್ಲಿ ಉಳಿದ ಗಾರೆ, ಒಂದು ಗುಟ್ಕಾ ಪ್ಯಾಕೆಟ್ಟು, ಎಲ್ಲ ಸುರಿದು ಮೇಲೆ ಟೈಲ್ಸ್ ಹಾಸಿಬಿಟ್ಟಿದ್ದರು. ತಿಂಗಳುಗಟ್ಟಲೆ ಸ್ನಾನದ ನೀರು ಅಲ್ಲೇ ನಿಂತು ಕೊಳೆತು ಎದ್ದ ವಾಸನೆ ಈಗಲೂ ಮೂಗಿನಲ್ಲಿದೆ. ಎಲ್ಲ ಸೇರಿ 68 ಸಾವಿರ ಕೈಬಿಟ್ಟಿತು. ಸರಿಯಾಯಿತೇನೋ ನಿಜ. ಆದರೆ ಹೊಸ ನೆಲದ ವಾಟ ಸರಿ ಕೂರದೆ, ಕೊನೇವರೆಗೂ ಬಾಗಿಲ ಹತ್ತಿರ ನೀರು ನಿಲ್ಲುತ್ತಿತ್ತು. ಸ್ನಾನ ಮಾಡಿದವರೇ ವೈಪರ್ ಹಿಡಿದು ತಳ್ಳಬೇಕು.

ದೂರು ಕೊಡೋಣ ಅಂತ ಓಡಾಡಿದಾಗಲೇ ಕಾನೂನಿನ ಕಥೆ ಗೊತ್ತಾಗಿದ್ದು. ಮನೆ ಕಟ್ಟಿ ಮಾರುವವರಿಗೆ ಲಗಾಮು ಹಾಕುವ ರೇರಾ ಕಾಯ್ದೆಯ 14(3)ನೇ ಕಲಂ ಪ್ರಕಾರ ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಆದರೆ 500 ಚದರ ಮೀಟರ್ ಮೀರದ ಜಾಗ, ಇಲ್ಲವೇ 8 ಮನೆ ದಾಟದ ಯೋಜನೆಯಾದರೆ ರೇರಾ ನೋಂದಣಿಯೇ ಬೇಕಿಲ್ಲ. ನನ್ನ 20x30 ಸೈಟು 56 ಚದರ ಮೀಟರ್. ಮನೆ ಮಾರಿದಾತ ಸಾಲಾಗಿ ಅಂಥವು ನಾಲ್ಕು ಕಟ್ಟಿ ಮಾರಿದ್ದ. ನಾಲ್ಕೂ ಸೇರಿದರೂ ಲೆಕ್ಕಕ್ಕಿಲ್ಲ. ಗ್ರಾಹಕರ ಆಯೋಗವಿದೆ, ಸಿವಿಲ್ ಕೋರ್ಟಿದೆ, ಹೋಗಬಹುದಿತ್ತು. ಶಿಫ್ಟ್ ಕೆಲಸದವನು, ಹೋಗಲಿಲ್ಲ.

ಇನ್ನು ಫ್ಲಾಟ್. ಇಲ್ಲೂ ಎರಡನೇ ವರ್ಷದ ಮಳೆಗಾಲದಲ್ಲಿ ನಮ್ಮ ಬಾತ್‌ರೂಮಿನ ಫಾಲ್ಸ್ ಸೀಲಿಂಗಿನಿಂದ ತೊಟ್ಟಿಕ್ಕಲು ಶುರುವಾಯಿತು. ಮೇಲಿನ ಮನೆಯವರ ಬಾತ್‌ರೂಮು. ಬಿಲ್ಡರ್‌ಗೆ ಮಾಡಿದ ಮೊದಲೆರಡು ಫೋನಿಗೆ ಇಲ್ಲೂ ಅದೇ ರಾಗ, 'ನೋಡ್ತೀವಿ ಸರ್'. ಮೂರನೇ ಸಲ ಫೋನ್ ಮಾಡಲಿಲ್ಲ. ಯೋಜನೆಯ ರೇರಾ ನೋಂದಣಿ ಸಂಖ್ಯೆ, ಕಲಂ 14(3), ನಾಲ್ಕು ಫೋಟೋ ಹಾಕಿ ಇಮೇಲ್ ಕಳಿಸಿದೆ. ನಾಲ್ಕನೇ ದಿನಕ್ಕೆ ಇಂಜಿನಿಯರ್ ಬಂದ. ಮೇಲಿನ ಮನೆಯಲ್ಲಿ ಜಾಲಿಗೆ ಬಟ್ಟೆ ತುರುಕಿ ನೀರು ನಿಲ್ಲಿಸಿದಾಗ ನನಗೆ ಆ ಮೇಸ್ತ್ರಿಯದೇ ನೆನಪು. ಎಂಟು ದಿನ ಬಾತ್‌ರೂಮ್ ಬಿಟ್ಟುಕೊಟ್ಟ ಮೇಲಿನ ಮನೆಯ ಆಂಟಿ ಇವತ್ತಿಗೂ ಲಿಫ್ಟಿನಲ್ಲಿ ನನ್ನ ಜತೆ ಸರಿಯಾಗಿ ಮಾತಾಡುವುದಿಲ್ಲ. ಹತ್ತೊಂಬತ್ತನೇ ದಿನಕ್ಕೆ ಕೆಲಸ ಮುಗಿಯಿತು, ಯಾರೂ ದುಡ್ಡಿನ ಮಾತೆತ್ತಲಿಲ್ಲ. ನನ್ನ ಓಟು ಬಿದ್ದದ್ದು ಅವತ್ತೇ.

ಹಾಗಂತ ಫ್ಲಾಟ್ ಸ್ವರ್ಗವೇನಲ್ಲ. ಬ್ರೋಷರ್‌ನಲ್ಲಿ 1,180 ಚದರ ಅಡಿ, ಚಪ್ಪಲಿ ಬಿಟ್ಟು ಒಳಗೆ ಬಂದಮೇಲೆ 805. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರಿಗೆಂದೇ ಮೇಂಟೆನೆನ್ಸ್ ಜತೆ ಮೂರು ತಿಂಗಳು ತಲಾ 1,500 ಕಟ್ಟಿದೆವು. ಉಲ್ಲಾಳದಲ್ಲಿ ದಿನ ಬಿಟ್ಟು ದಿನವಾದರೂ ಕಾವೇರಿ ಬಂದು ಸಂಪು ತುಂಬುತ್ತಿತ್ತು. ಟೆರೇಸಿನಲ್ಲಿ ಸಂಡಿಗೆ ಇಡಲು ಅಸೋಸಿಯೇಷನ್ ಬಿಡುವುದಿಲ್ಲ, ಅಮ್ಮ ಬಾಲ್ಕನಿಯ ಕಂಬಿಗೆ ಮೊರ ಕಟ್ಟುತ್ತಾರೆ. ಪಾರ್ಕಿಂಗ್ ಜಗಳ ಎರಡೂ ಕಡೆ ಇದೆ, ಬೀದಿಯಲ್ಲಿ ಬಾಯಲ್ಲಿ, ಇಲ್ಲಿ ವಾಟ್ಸಾಪಿನಲ್ಲಿ. ಮಾರುವಾಗಲೂ ಡ್ಯೂಪ್ಲೆಕ್ಸೇ ಮೇಲು. ಅಷ್ಟು ಸೋರಿದ ಮನೆಗೆ 94 ಲಕ್ಷ ಬಂತು. ಬೆಲೆ ಏರಿದ್ದು ಗೋಡೆಗಲ್ಲ, ನೆಲಕ್ಕೆ. ಈ ವಿಷಯದಲ್ಲಿ ಅಮ್ಮನ ಮಾತೇ ಸರಿ.

ದುಡ್ಡಿನ ಲೆಕ್ಕ ಹಾಕುವವರಿಗೆ ಒಂದೇ ಮಾತು: ಓಸಿ, ಅಂದರೆ ಕಟ್ಟಡ ವಾಸಕ್ಕೆ ಸಿದ್ಧ ಅನ್ನುವ ಸರ್ಕಾರಿ ಪ್ರಮಾಣಪತ್ರ, ಬಂದಮೇಲೆ ಕೊಳ್ಳಿ. ಕಟ್ಟುತ್ತಿರುವಾಗಲೇ ಬುಕ್ ಮಾಡಿದ್ದರೆ 5% ಜಿಎಸ್‌ಟಿ ಅಂತ ನನಗೆ 4.3 ಲಕ್ಷ ಮೇಲೆ ಬೀಳುತ್ತಿತ್ತು. ಓಸಿ ಆದಮೇಲೆ ತಗೊಂಡದ್ದಕ್ಕೆ ಜಿಎಸ್‌ಟಿ ಸೊನ್ನೆ, ಜತೆಗೆ ಬಾಡಿಗೆ ಮತ್ತು ಇಎಂಐ ಎರಡನ್ನೂ ಕಟ್ಟುವ ಕಾಟ ತಪ್ಪಿತು. ನೋಂದಣಿಗೆ ಆಗ ಸ್ಟಾಂಪ್ ಡ್ಯೂಟಿ, ಸೆಸ್, ಶುಲ್ಕ ಎಲ್ಲ ಸೇರಿ 6.6% ಆಗಿತ್ತು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1% ಇದ್ದದ್ದು 2% ಆಗಿದೆ, ಅದನ್ನು ಸೇರಿಸಿಕೊಳ್ಳಿ. ಮನೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ದುಡ್ಡಲ್ಲಿ 1% ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದೇ.

ಊರಲ್ಲೇ ಇರುವವರು, ಗಾರೆ ಕೆಲಸದವರನ್ನು ನಿಂತು ಮಾತಾಡಿಸಬಲ್ಲವರು, ಕೈಯಲ್ಲಿ ಒಂದೆರಡು ಲಕ್ಷ ರಿಪೇರಿಗೆಂದೇ ಇಟ್ಟುಕೊಳ್ಳಬಲ್ಲವರು ಡ್ಯೂಪ್ಲೆಕ್ಸ್ ತಗೊಳ್ಳಿ. ನನ್ನಂತೆ ರಾತ್ರಿ ಪಾಳಿ ಮಾಡಿ, ರಜೆ ಸಿಕ್ಕರೆ ಬೀಗ ಜಡಿದು ಹಾಸನದ ಬಸ್ ಹತ್ತುವವರಿಗೆ ಅದು ಆಗಿಬರುವುದಿಲ್ಲ.

ಕಳೆದ ತಿಂಗಳು ಚಿಕ್ಕಪ್ಪನ ಮಗ ಅದೇ ಉಲ್ಲಾಳದ ಕಡೆ ಒಂದು ಹೊಸ ಡ್ಯೂಪ್ಲೆಕ್ಸ್ ನೋಡಿ, 'ಅಣ್ಣ, ನೀನೂ ಒಂದ್ಸಲ ಬಾ' ಅಂತ ಕರೆದ. ಹೋಗುವಾಗ ಒಂದು ಹಳೇ ಪಂಚೆ, ಪೆನ್ಸಿಲ್ಲು ಚೀಲದಲ್ಲಿ ಹಾಕಿಕೊಂಡೆ. ಮೇಲಿನ ಬಾತ್‌ರೂಮಿನ ಜಾಲಿಗೆ ಪಂಚೆ ತುರುಕುತ್ತಾ, 'ನೀರು ನಿಲ್ಲಿಸಿ ಹೋಗ್ತೀವಿ, ನಾಳೆ ಇಷ್ಟೊತ್ತಿಗೆ ಬಂದು ನೋಡ್ತೀವಿ' ಅಂದೆ. ಮನೆ ಕಟ್ಟಿದಾತ ನನ್ನ ಮುಖ ನೋಡಿ, ಬೇರೆ ಪಾರ್ಟಿ ಸಂಜೆಗೇ ಅಡ್ವಾನ್ಸ್ ತರ್ತಾ ಇದಾರೆ ಅಂತ ಬೀಗ ಹಾಕಿಕೊಂಡ. ತಮ್ಮನಿಗೆ ನನ್ನ ಮೇಲೆ ಇನ್ನೂ ಸಿಟ್ಟು. ಆ ಮನೆಯ ಮೇಲೆ 'ಮಾರಾಟಕ್ಕಿದೆ' ಬೋರ್ಡು ಮೊನ್ನೆಯೂ ಇತ್ತು.