ಬ್ಯಾಂಕಿಗೆ ಹೋಗದ ಹಳೇ ಚೆಕ್: ನಾಲ್ಕು ದಾರಿ ನೋಡಿದೆ, ಒಂದೇ ಸಾಲದು

ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಕೆಲವು ಸಣ್ಣ ಸಂಘಗಳ ಲೆಕ್ಕವನ್ನು ಟ್ಯಾಲಿ ಅನ್ನೋ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಬರೆಯುತ್ತೇನೆ. ಮಾರ್ಚ್‌ನಲ್ಲಿ ಪಾಸ್‌ಬುಕ್ ಇಟ್ಟು ತಾಳೆ ನೋಡಿದರೆ ಅದೇ ಹಳೇ ಹೆಸರುಗಳು. ಶಾಮಿಯಾನದವರು, ಜೀಪಿನವರು, ಹಾಕಿ ಅಂಪೈರ್. ಚೆಕ್ ಕೊಟ್ಟಾಗಿದೆ, ದುಡ್ಡು ಹೋಗಿಲ್ಲ.

ಜೂನ್‌ನಲ್ಲಿ ಕೊಟ್ಟ ಸಣ್ಣ ಮೊತ್ತದ ಚೆಕ್ಕಿಗಾಗಿ ಆ ಮಳೆಯಲ್ಲಿ ತೋಟದಿಂದ ಪೇಟೆಗೆ ಯಾರು ಬರ್ತಾರೆ? ಮಳೆ ಬಿಡುವ ಹೊತ್ತಿಗೆ ಅದರ ಅವಧಿಯೇ ಮುಗಿದಿರುತ್ತದೆ. ಮೊದಲು 6 ತಿಂಗಳು ಇತ್ತು, 2012ರ ಏಪ್ರಿಲ್ 1ರಿಂದ ಬರೀ 3 ತಿಂಗಳು. ಹೆಸರಿನ ಗೋಳು ಬೇರೆ. ಚೆಕ್ಕಿನಲ್ಲಿ ಮನೆಹೆಸರು ಪೂರ್ತಿ, ಖಾತೆಯಲ್ಲಿ ಬರೀ ಇನಿಶಿಯಲ್.

ಇದನ್ನು ಪುಸ್ತಕದಿಂದ ತೆಗೆಯೋಕೆ ಎಲ್ಲರೂ ಮೊದಲು ಹೇಳುವುದು, ಹಳೇ ವೋಚರ್ (ಆ ಪಾವತಿಯ ನಮೂದು) ಡಿಲೀಟ್ ಮಾಡಿ ಅಂತ. ಬ್ಯಾಕಪ್ ಕಾಪಿಯಲ್ಲಿ ಮಾಡಿ ನೋಡಿದೆ. ಆಡಿಟ್ ಮುಗಿದ ವರ್ಷದ ಬ್ಯಾಂಕ್ ಬಾಕಿ ಬದಲಾಯಿತು, ಮಹಾಸಭೆಯಲ್ಲಿ ಓದಿದ ಲೆಕ್ಕಕ್ಕೂ ಕಂಪ್ಯೂಟರ್‌ಗೂ ಸಂಬಂಧವೇ ಉಳಿಯಲಿಲ್ಲ. ಅದೇ ವರ್ಷದ ಚೆಕ್ ಆದರೂ ನಾನು ಡಿಲೀಟ್ ಮಾಡಲ್ಲ.

ಎರಡನೆಯದು, ಇವತ್ತಿನ ತಾರೀಖಿಗೆ ರಸೀದಿ ವೋಚರ್ ಹಾಕುವುದು. ಬ್ಯಾಂಕಿಗೆ ಡೆಬಿಟ್, ಪಾರ್ಟಿಗೆ (ದುಡ್ಡು ಪಡೆಯಬೇಕಾದವರ ಖಾತೆಗೆ) ಕ್ರೆಡಿಟ್, ವಿವರಣೆಯಲ್ಲಿ ಹಳೇ ಚೆಕ್ ನಂಬರ್. ಆಮೇಲೆ ಹಳೇ ಪಾವತಿ, ಹೊಸ ರಸೀದಿ ಎರಡಕ್ಕೂ ಟ್ಯಾಲಿಯ ಬ್ಯಾಂಕ್ ತಾಳೆ ಪರದೆಯಲ್ಲಿ ಒಂದೇ ಬ್ಯಾಂಕ್ ಡೇಟ್ ಕೊಟ್ಟರೆ, ತಾಳೆಯಾಗದೆ ಉಳಿದ ಚೆಕ್ಕುಗಳ ಪಟ್ಟಿಯಿಂದ ಎರಡೂ ಒಟ್ಟಿಗೆ ಇಳಿಯುತ್ತವೆ. ಹಳೇ ವರ್ಷ ಅಲುಗಲ್ಲ, ಯಾರಿಗೆ ಕೊಡಬೇಕು ಅನ್ನೋದೂ ಹೆಸರು ಸಮೇತ ಉಳಿಯುತ್ತದೆ. ನನಗೆ ಇದೇ ಇಷ್ಟ.

ಆದರೆ ಸಣ್ಣ ಸಂಘಗಳಲ್ಲಿ ಒಂದು ತೊಡಕಿದೆ. ಬಹಳ ಕಡೆ ಪಾರ್ಟಿ ಖಾತೆಯೇ ಇರಲ್ಲ, ಚೆಕ್ ಬರೆದಾಗ ನೇರ 'ಶಾಮಿಯಾನ ಖರ್ಚು' ಅಂತ ಹಾಕಿರುತ್ತಾರೆ. ಅದನ್ನು ಹಾಗೇ ತಿರುಗಿಸಿದರೆ ಹೋದ ವರ್ಷದ ದುಡ್ಡು ಈ ವರ್ಷದ ಖರ್ಚಿನಲ್ಲಿ ಕಳೆಯುತ್ತದೆ. ಈ ಸಲ ಶಾಮಿಯಾನ ಅಗ್ಗ ಆಯ್ತಲ್ಲ ಅಂತ ಸದಸ್ಯರು ಖುಷಿಪಡಬೇಕಷ್ಟೆ! ಅಲ್ಲಿ ಮೂರನೆಯ ದಾರಿಯೇ ಸರಿ. ಕೊಡಬೇಕಾದ ಬಾಕಿಗಳ ಕೆಳಗೆ 'ಅವಧಿ ಮೀರಿದ ಚೆಕ್' ಅಂತ ಒಂದೇ ಖಾತೆ ತೆರೆದು ಎಲ್ಲವನ್ನೂ ಅಲ್ಲಿಗೆ ಕ್ರೆಡಿಟ್ ಮಾಡುವುದು. ಹೆಸರುಗಳ ಪಟ್ಟಿ ಮಾತ್ರ ಬೇರೆ ಇಡಲೇಬೇಕು. ಇಲ್ಲದಿದ್ದರೆ ಕಾರ್ಯದರ್ಶಿ ಬದಲಾದ ಮೇಲೆ ಅದು ಯಾರ ದುಡ್ಡು ಅಂತ ಯಾರಿಗೂ ಗೊತ್ತಾಗಲ್ಲ.

ನಾಲ್ಕನೆಯದು, ಸುಮ್ನೆ ಆದಾಯಕ್ಕೆ ಬರೆದು ಮುಗಿಸುವುದು. ಖಜಾಂಚಿಗಳಿಗೆ ಇದು ಜಾಸ್ತಿ ಪ್ರೀತಿ. ಲಿಮಿಟೇಶನ್ ಕಾಯ್ದೆಯ 3 ವರ್ಷ ಆಯ್ತಲ್ಲ ಅಂತಾರೆ. ಆ ಕಾಯ್ದೆ ಕೋರ್ಟಿಗೆ ಹೋಗುವ ದಾರಿ ಮುಚ್ಚುತ್ತದೆ, ಸಾಲ ತೀರಿತು ಅನ್ನಲ್ಲ. ವ್ಯಾಪಾರದ ಲೆಕ್ಕದಲ್ಲಾದರೆ ಹೀಗೆ ಬರೆದ ಮೊತ್ತಕ್ಕೆ ಆದಾಯ ತೆರಿಗೆಯೂ ಬೀಳಬಹುದು. ನಾನು 3 ವರ್ಷ ದಾಟಿದ, ಫೋನ್ ಮಾಡಿ, ಪತ್ರ ಬರೆದರೂ ಸಿಗದವರದ್ದನ್ನು ಮಾತ್ರ, ಸಮಿತಿಯ ಠರಾವು ಆದ ಮೇಲೆ, ಆಡಿಟರ್‌ಗೆ ತಿಳಿಸಿ ಹೀಗೆ ಮಾಡುತ್ತೇನೆ.

ಸಿಕ್ಕವರಿಗೆ ಮತ್ತೆ ಚೆಕ್ ಬೇಡ. ಪಾಸ್‌ಬುಕ್ಕಿನ ಮೊದಲ ಪುಟ ವಾಟ್ಸಾಪ್‌ನಲ್ಲಿ ತರಿಸಿ ನೆಫ್ಟ್ ಮಾಡಿ, ಅಂದರೆ ದುಡ್ಡನ್ನು ನೇರ ಅವರ ಖಾತೆಗೇ ಕಳಿಸಿ. ಚೆಕ್ಕೇ ಬೇಕು ಅನ್ನುವ ಹಿರಿಯರಿದ್ದರೆ ಹಳೆಯದನ್ನು ವಾಪಸ್ ಪಡೆದು ಹೊಸದು ಕೊಡಿ. ಕಳೆದುಹೋಗಿದ್ದರೆ ಒಂದು ಪತ್ರ ಬರೆಸಿಕೊಳ್ಳಿ. 3 ತಿಂಗಳು ಇನ್ನೂ ಆಗಿಲ್ಲದಿದ್ದರೆ ಆ ಚೆಕ್ಕಿಗೆ ದುಡ್ಡು ಕೊಡಬೇಡಿ ಅಂತ ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಕೂಡ ಕೊಡಬೇಕು.