ಎಸ್ಸೆಸ್ಸೆಲ್ಸಿ ಪ್ರೈವೇಟ್ ಕಟ್ಟೋರು ತುಮಕೂರಲ್ಲಿ ಟ್ಯುಟೋರಿಯಲ್‌ಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಕೋಪ ಇನ್ನೂ ಇಳಿದಿಲ್ಲ, ಆದರೂ ಬರೀತಿದ್ದೀನಿ. ಸ್ಕೂಲ್ ಬಿಟ್ಟು ವರ್ಷಗಳಾದ ಮೇಲೆ ಪರೀಕ್ಷೆ ಕಟ್ಟೋಕೆ ಹೊರಟಿರೋ ಅಕ್ಕತಂಗೀರು ದಯವಿಟ್ಟು ಪೂರ್ತಿ ಓದಿ.

ಅಂಗನವಾಡಿ ಸಹಾಯಕಿ ಕೆಲಸಕ್ಕೂ ಈಗ ಎಸ್ಸೆಸ್ಸೆಲ್ಸಿ ಪಾಸ್ ಕೇಳ್ತಾರೆ. ಕನ್ನಡ, ಸಮಾಜ ಹೇಗೋ ಓದ್ಕೋತೀನಿ. ನನಗೆ ಭಯ ಇದ್ದದ್ದು ವಿಜ್ಞಾನಕ್ಕೆ. ಪಾಠ ಓದ್ತೀನಿ, ಆದರೆ ಒಂದು ಗ್ರಾಫೋ ಟೇಬಲ್ಲೋ ಕೊಟ್ಟು "ಇದನ್ನ ನೋಡಿ ಉತ್ತರಿಸಿ" ಅಂದ್ರೆ ಕೈ ಓಡಲ್ಲ. ಬಿ.ಎಚ್. ರೋಡಿನ ಒಂದು ಟ್ಯುಟೋರಿಯಲ್‌ನವರು ಅದನ್ನೇ ಹಿಡ್ಕೊಂಡರು. "ವಾರವಾರ ಹೊಸ ಪ್ಯಾಸೇಜ್ ಕೊಡ್ತೀವಿ ಮೇಡಂ, ಓದಿ ಉತ್ತರ ಬರೀರಿ, ಸೈನ್ಸ್ ಮೇಷ್ಟ್ರು ತಿದ್ದಿ ತಪ್ಪು ಎಲ್ಲಿ ಅಂತ ಹೇಳಿಕೊಡ್ತಾರೆ." ಆರು ಸಾವಿರ. ಚೀಟಿ ಎತ್ತಿದ ದುಡ್ಡು.

ಕೊಟ್ಟದ್ದೇನು? ಜೆರಾಕ್ಸ್. ಗ್ರಾಫ್ ಇರೋ ಪುಟದಲ್ಲಿ ಗ್ರಾಫೇ ಕಪ್ಪಾಗಿ ಮೆತ್ತಿಕೊಂಡಿದೆ. ಪರೀಕ್ಷಾ ಮಂಡಳಿ ಹೆಸರಿನ ಮೇಲೆ ಬಿಳಿ ಪೇಪರ್ ಪಟ್ಟಿ ಇಟ್ಟು ಜೆರಾಕ್ಸ್ ಮಾಡಿದಾರೆ, ಒಂದು ಹಾಳೆಯಲ್ಲಿ ಪಟ್ಟಿ ಜಾರಿ ಅರ್ಧ ಹೆಸರು ಕಾಣ್ತಿದೆ! ಮಂಡಳಿಯವರು ವೆಬ್‌ಸೈಟಲ್ಲಿ ಪುಕ್ಕಟೆ ಹಾಕೋ ಮಾದರಿ ಪ್ರಶ್ನೆಪತ್ರಿಕೆ ಅದು.

ಅದನ್ನೂ ನುಂಗಿಕೊಂಡೆ. ನುಂಗೋಕಾಗದೇ ಇದ್ದದ್ದು ಫ್ಲೋರೈಡ್ ಪ್ಯಾಸೇಜು. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ಮೇಲೆ ಬರೆದಿದೆ. ಕೆಳಗೆ ಮೂರು ಬೋರ್‌ವೆಲ್: ಎ 0.8, ಬಿ 1.4, ಸಿ 2.6. ಯಾವುದರ ನೀರು ಕುಡಿಯಬಾರದು? ನಾನು ಪಾವಗಡದ ಕಡೆಯವಳು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದವರನ್ನ, ಮಂಡಿ ಬಗ್ಗಿಸೋಕಾಗದವರನ್ನ ಕಂಡು ಬೆಳೆದವಳು. ಮೂರನೇದು ಅಂತ ಬರೆದೆ. ಕೆಂಪು ಇಂಕಲ್ಲಿ ತಪ್ಪು ಹಾಕಿ ಕೊಟ್ಟರು.

"ಸರ್, ಮೇಲೇ ಬರೆದಿದೆಯಲ್ಲ 1.5 ಅಂತ?"
"ಕೀ ಆನ್ಸರ್ ಬಿ ಇದೆ ಮೇಡಂ. ಬಿ ಅಂತಾನೇ ಬರೀರಿ."
"ನೀವು ಪ್ಯಾಸೇಜ್ ಓದಿದ್ರಾ ಸರ್?"
"ಇಷ್ಟು ಪೇಪರ್ ಓದ್ತಾ ಕೂತ್ರೆ ಆಗುತ್ತಾ?"

ತಿದ್ದಿದ್ದು ಮೇಷ್ಟ್ರಲ್ಲ, ಅಡ್ಮಿಷನ್ ಬರ್ಕೊಳ್ಳೋ ಹುಡುಗ! ಪಕ್ಕದಲ್ಲಿದ್ದ ಹೆಂಗಸು ಪ್ಯಾಸೇಜ್ ಓದದೇ ಬಿ ಬರೆದಿದ್ದರು, ಅವರಿಗೆ 'ಗುಡ್'. ಅಷ್ಟು ಜನರ ಮುಂದೆ ನನ್ನ ಮುಖ ಬಿಸಿಯಾಗಿಹೋಯ್ತು. ಓದಿ ಅರ್ಥಮಾಡ್ಕೊಳ್ಳೋದು ಕಲಿಸಿ ಅಂತ ದುಡ್ಡು ಕೊಟ್ಟರೆ, ಓದಿ ಅರ್ಥಮಾಡ್ಕೊಂಡದ್ದಕ್ಕೇ ತಪ್ಪು ಹಾಕಿದರು.

ದುಡ್ಡು ವಾಪಸ್ ಕೇಳಿದೆ. ಮೊದಲು "ನೋಡೋಣ". ಆಮೇಲೆ "ಈ ಸಲ ಆಗದಿದ್ರೆ ಪರೀಕ್ಷೆ-2 ಇದ್ಯಲ್ಲ ಮೇಡಂ". ಕೊನೆಗೆ ಓನರ್ ಹೇಳಿದ ಮಾತು: "ಈ ವಯಸ್ಸಲ್ಲಿ ನಿಮ್ಮ ತಲೆಗೆ ಹತ್ತಲ್ಲ ಅಂದ್ರೆ ನಾವೇನಮ್ಮ ಮಾಡೋದು?" ಮೇಡಂ ಅಂತಿದ್ದವರು ದುಡ್ಡು ಕೇಳಿದ ಕೂಡಲೇ ಅಮ್ಮ ಅಂದರು. ನನ್ನ ಉತ್ತರ ಸರಿ ಇತ್ತು ಸ್ವಾಮಿ!

ಸೇರೋ ಮುಂಚೆ ಅಲ್ಲಿ ಯಾರದಾದರೂ ತಿದ್ದಿದ ವಿಜ್ಞಾನದ ಪೇಪರ್ ತೋರಿಸಿ ಅನ್ನಿ. ಟಿಕ್ ಮಾತ್ರ ಇದ್ದು, ಪಕ್ಕದಲ್ಲಿ ಒಂದು ಸಾಲೂ ಬರೆದಿಲ್ಲ ಅಂದ್ರೆ ಎದ್ದು ಬನ್ನಿ. ಪಠ್ಯಪುಸ್ತಕ ಸರ್ಕಾರದ ವೆಬ್‌ಸೈಟಲ್ಲೇ ಪುಕ್ಕಟೆ ಸಿಗುತ್ತೆ. ರಸೀದಿ ಬಿಡಬೇಡಿ. ಗ್ರಾಹಕರ ಸಹಾಯವಾಣಿ 1915. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದೊಳಗಿನ ದೂರಿಗೆ ಫೀಸಿಲ್ಲ. ನನ್ನ ರಸೀದಿ, ಆ ಕೆಂಪು ಗೀಟಿನ ಪೇಪರ್ ಎರಡೂ ಇಟ್ಕೊಂಡಿದ್ದೀನಿ. ದೂರು ಕೊಡ್ತಿದ್ದೀನಿ. ಅಲ್ಲೇ ದುಡ್ಡು ಕಟ್ಟಿದವರು ಇದ್ದರೆ ಹೇಳಿ, ಒಟ್ಟಿಗೆ ಹೋಗೋಣ.